ದುಡಿಯುವವರ ಹಾಸಿಗೆ

ಪ್ರವಾಸೋದ್ಯಮದ ಜಾಹೀರಾತುಗಳಲ್ಲಿ ಒಂದು ಚಿತ್ರ ತಪ್ಪದೆ ಬರುತ್ತದೆ. ಎರಡು ತೆಂಗಿನ ಮರ, ನಡುವೆ ಕಟ್ಟಿದ ಬಲೆ, ಬಲೆಯಲ್ಲಿ ಮುಖಕ್ಕೆ ಟೋಪಿ ಮುಚ್ಚಿಕೊಂಡು ಮಲಗಿದ ಮನುಷ್ಯ, ಹಿಂದೆ ನೀಲಿ ಕಡಲು. ಹ್ಯಾಮಕ್ ಎಂದರೆ ರಜೆ, ರಜೆ ಎಂದರೆ ಏನೂ ಮಾಡದೆ ಬಿದ್ದುಕೊಂಡಿರುವುದು ಎಂಬ ಭಾವನೆ ಈ ಚಿತ್ರದ ಜೊತೆಗೇ ನಮ್ಮ ಮನಸ್ಸಿಗೂ ಇಳಿದಿದೆ. ಗೋಕರ್ಣದ ಕಡಲತೀರದಲ್ಲಿ, ಕೊಡಗಿನ ಹೋಂಸ್ಟೇಗಳಲ್ಲಿ ಅದನ್ನು ಕಟ್ಟಿರುವುದೂ ಈ ಅರ್ಥದಲ್ಲೇ. ಆದರೆ ಈ ತೂಗುಹಾಸಿಗೆಯನ್ನು ಕಂಡುಹಿಡಿದವರು ಯಾರು, ಹೆಣೆಯುವವರು ಯಾರು, ಐನೂರು ವರ್ಷಗಳಿಂದ ಅದರಲ್ಲಿ ಮಲಗುತ್ತ ಬಂದವರು ಯಾರು ಎಂದು ಒಂದೊಂದಾಗಿ ನೋಡುತ್ತ ಹೋದರೆ ಈ ಚಿತ್ರ ನಿಲ್ಲುವುದಿಲ್ಲ. ಕಾಡನ್ನು ಕಡಿದು ಗೆಣಸು ಬೆಳೆಯುವವರು, ಕತ್ತಾಳೆ ತೋಟದ ಕೂಲಿಗಳು, ಯುದ್ಧದ ಹಡಗಿನ ನಾವಿಕರು, ನದಿ ದೋಣಿಯ ಪ್ರಯಾಣಿಕರು ಇದರ ನಿಜವಾದ ವಾರಸುದಾರರು. ತೂಗುಹಾಸಿಗೆ ದುಡಿಯುವವರ ಹಾಸಿಗೆ. ಇಂಥ ವಸ್ತುವಿಗೆ ಸೋಮಾರಿತನದ ಹಣೆಪಟ್ಟಿ ಅಂಟಿದ್ದಕ್ಕೆ ಒಂದು ಇತಿಹಾಸವಿದೆ. ಆ ಇತಿಹಾಸ ತಿಳಿದರೆ ವಸ್ತುವಿನ ಬಗೆಗಷ್ಟೇ ಅಲ್ಲ, ಅದನ್ನು ಕೊಟ್ಟ ಜನರ ಬಗೆಗೂ ನಮ್ಮ ನೋಟ ತಿದ್ದಿಕೊಳ್ಳಬೇಕಾಗುತ್ತದೆ.

ಯುರೋಪಿನವರು ಇದನ್ನು ಮೊದಲು ಕಂಡದ್ದು 1492ರ ಅಕ್ಟೋಬರಿನಲ್ಲಿ. ಬಹಾಮಾಸ್ ದ್ವೀಪಗಳಿಗೆ ಬಂದ ಕೊಲಂಬಸನ ದಿನಚರಿಯಲ್ಲಿ, ಅಲ್ಲಿನ ಜನರ ಹಾಸಿಗೆಗಳು ಹತ್ತಿಯ ಬಲೆಗಳಂತಿವೆ ಎಂಬ ಮಾತು ಬರುತ್ತದೆ. ಕೆರಿಬಿಯನ್ನಿನ ಆ ತಾಯಿನೊ ಜನರು ಕರೆಯುತ್ತಿದ್ದ ಹೆಸರೇ ಸ್ಪ್ಯಾನಿಷಿಗೂ ಮುಂದೆ ಇಂಗ್ಲಿಷಿಗೂ ಹೋಯಿತು. ಎಂಟು ವರ್ಷಗಳ ಬಳಿಕ, 1500ರಲ್ಲಿ, ಪೋರ್ಚುಗೀಸರ ಕಬ್ರಾಲ್ ನಾಯಕತ್ವದ ಹಡಗುಗಳು ಬ್ರೆಜಿಲಿನ ದಡ ಮುಟ್ಟಿದಾಗ ಪೆರೊ ವಾಜ್ ದೆ ಕಮಿನ್ಯಾ ಎಂಬ ಬರಹಗಾರ ತನ್ನ ದೊರೆಗೆ ಬರೆದ ಕಾಗದದಲ್ಲಿ ಇನ್ನಷ್ಟು ವಿವರ ಕೊಟ್ಟ. ಹಡಗಿನಷ್ಟು ಉದ್ದದ, ಒಳಗೆ ಅಡ್ಡಗೋಡೆಯೇ ಇಲ್ಲದ ಮನೆಗಳು; ಒಂದೊಂದರಲ್ಲೂ ಮೂವತ್ತು ನಲವತ್ತು ಜನ; ಕಂಬದಿಂದ ಕಂಬಕ್ಕೆ ಕಟ್ಟಿದ ಬಲೆಗಳಲ್ಲಿ ಅವರ ನಿದ್ದೆ; ಚಳಿ ಕಾಯಿಸಲು ಬಲೆಗಳ ಕೆಳಗೆ ಬೆಂಕಿ. ಅದೇ ಹಡಗುಗಳು ಅಲ್ಲಿಂದ ಹೊರಟು ನಮ್ಮ ಪಶ್ಚಿಮ ಕರಾವಳಿಯ ಕಲ್ಲಿಕೋಟೆಗೆ ಬಂದವು. ಆ ವರ್ಷದ ಕೊನೆಗೆ ಅಲ್ಲಿ ನಡೆದ ಕಾದಾಟದಲ್ಲಿ ಕಮಿನ್ಯಾ ಸತ್ತ. ಅಮೆರಿಕದ ತೂಗುಹಾಸಿಗೆಯನ್ನು ಕಣ್ಣಾರೆ ಕಂಡು ಬರೆದ ಮೊದಲಿಗರಲ್ಲಿ ಒಬ್ಬನ ಬದುಕು ಭಾರತದ ನೆಲದಲ್ಲಿ ಮುಗಿಯಿತು. ತೂಗುಹಾಸಿಗೆ ಎಷ್ಟು ಹಳೆಯದು ಎಂದು ಅಗೆತದಿಂದ ಹೇಳುವುದು ಕಷ್ಟ. ಹತ್ತಿ, ನಾರು ಉಷ್ಣವಲಯದ ತೇವದಲ್ಲಿ ಕೊಳೆತುಹೋಗುತ್ತವೆ. ಆದರೆ ಕೆರಿಬಿಯನ್ ದ್ವೀಪಗಳಿಂದ ಬ್ರೆಜಿಲಿನ ತೀರದವರೆಗೆ, ಒಬ್ಬರ ಮಾತು ಒಬ್ಬರಿಗೆ ತಿಳಿಯದ ಜನರೆಲ್ಲ ಅದರಲ್ಲಿ ಮಲಗುತ್ತಿದ್ದರು ಎಂಬುದೇ ಅದು ಆ ಹೊತ್ತಿಗಾಗಲೇ ಬಹಳ ಹಳೆಯದಾಗಿತ್ತು ಎನ್ನುವುದಕ್ಕೆ ಸಾಕ್ಷಿ.

ಅಲ್ಲಿಯ ನೆಲವನ್ನು ನೋಡಿದರೆ ಈ ಹಾಸಿಗೆ ಯಾಕೆ ಹುಟ್ಟಿತೆಂದು ತಿಳಿಯುತ್ತದೆ. ಅಮೆಜಾನ್ ಮತ್ತು ಒರಿನೊಕೊ ನದಿಗಳ ಬಯಲಿನಲ್ಲಿ ವರ್ಷದ ಎಷ್ಟೋ ತಿಂಗಳು ನೆಲ ಒಣಗುವುದಿಲ್ಲ. ಇರುವೆ, ಚೇಳು, ಹಾವು ನೆಲದ ಮೇಲೆಯೇ ಓಡಾಡುತ್ತವೆ. ಚಾಪೆ ಹಾಸಿದರೆ ಅದು ತೇವ ಹೀರಿ ಬೂಷ್ಟು ಹಿಡಿಯುತ್ತದೆ. ಮರದ ಮಂಚ ಮಾಡಿದರೆ ಗೆದ್ದಲು ಹತ್ತುತ್ತದೆ, ಊರು ಬಿಟ್ಟು ಊರಿಗೆ ಹೋಗುವಾಗ ಹೊರಲಾಗದು. ಇವೆಲ್ಲಕ್ಕೂ ಅಲ್ಲಿನವರು ಕಂಡುಕೊಂಡ ಉತ್ತರ ಒಂದೇ: ಮಲಗುವ ಜಾಗವನ್ನು ನೆಲದಿಂದ ಬಿಡಿಸಿ ಗಾಳಿಯಲ್ಲಿ ಕಟ್ಟುವುದು. ಬಲೆಯ ಕಣ್ಣುಗಳ ಮೂಲಕ ಗಾಳಿ ಮೈಯ ಸುತ್ತ ಆಡುತ್ತದೆ. ರಾತ್ರಿ ತಂಪು ಹೆಚ್ಚಿದರೆ ಕೆಳಗೆ ಕೆಂಡ ಹಾಕಬಹುದು, ಅದರ ಹೊಗೆಗೆ ಸೊಳ್ಳೆಯೂ ದೂರ ಸರಿಯುತ್ತದೆ. ಬೆಳಗಾದರೆ ಮಡಚಿ ಮೇಲಕ್ಕೆ ಸಿಕ್ಕಿಸಿದರೆ ಮಲಗುವ ಮನೆಯೇ ಕೆಲಸದ ಮನೆ. ಬೇಟೆಗೆ, ಮೀನಿಗೆ, ದೂರದ ಗದ್ದೆಗೆ ಹೋಗುವವರು ಸುತ್ತಿ ಹೆಗಲಿಗೆ ಹಾಕಿಕೊಂಡು ಹೊರಟರೆ ಕತ್ತಲಾದಲ್ಲಿ ಎರಡು ಮರ ಸಿಕ್ಕರೆ ಸಾಕು. ನಾಳೆ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಬೇಕಾದವರಿಗೆ ಒಳ್ಳೆಯ ನಿದ್ದೆ ಬೇಕು ಎಂಬ ಲೆಕ್ಕ ಇದರ ಪ್ರತಿಯೊಂದು ಅಂಶದಲ್ಲೂ ಇದೆ.

ಇನ್ನು ಅದನ್ನು ಮಾಡುವ ಕೆಲಸ. ಒರಿನೊಕೊ ನದಿ ಕಡಲು ಸೇರುವಲ್ಲಿ, ನೀರಿನಲ್ಲಿ ನೆಟ್ಟ ಕಂಬಗಳ ಮೇಲಿನ ಮನೆಗಳಲ್ಲಿ ವಾಸಿಸುವ ವರಾವ್ ಜನ ಮೊರಿಚೆ ಎಂಬ ತಾಳೆಜಾತಿಯ ಮರದ ನಾರಿನಿಂದ ತೂಗುಹಾಸಿಗೆ ಹೆಣೆಯುತ್ತಾರೆ. ಇನ್ನೂ ಬಿಚ್ಚಿಕೊಳ್ಳದ ಎಳೆಯ ಸುಳಿಯನ್ನು ಮರದಿಂದ ಇಳಿಸಬೇಕು. ಒಂದೊಂದು ಗರಿಯ ಮೇಲಿನ ತೆಳು ಪೊರೆಯನ್ನು ಹರಿಯದಂತೆ ಸುಲಿಯಬೇಕು. ಅದನ್ನು ಬೇಯಿಸಿ, ಬಿಸಿಲಿಗೆ ಒಣಗಿಸಿ, ಎಳೆ ಬಿಡಿಸಿ, ತೊಡೆಯ ಮೇಲೆ ಅಂಗೈಯಿಂದ ಹೊಸೆಯಬೇಕು. ಅಂಗೈ ಮುಂದಕ್ಕೆ ಹೋದಾಗ ಎರಡು ಎಳೆಗಳಿಗೆ ಬೇರೆಬೇರೆಯಾಗಿ ತಿರುವು ಬೀಳುತ್ತದೆ, ಹಿಂದಕ್ಕೆ ಬಂದಾಗ ಎರಡೂ ಒಂದನ್ನೊಂದು ಸುತ್ತಿಕೊಂಡು ಹುರಿಯಾಗುತ್ತವೆ. ಎಳೆ ಮುಗಿಯುವ ಮುಂಚೆ ಹೊಸ ಎಳೆ ಸೇರಿಸುತ್ತ ಹೋದರೆ ಗಂಟಿಲ್ಲದ ಹುರಿ ಬೆಳೆಯುತ್ತದೆ. ಒಂದು ಹಾಸಿಗೆಗೆ ಬೇಕಾಗುವ ಹುರಿಯನ್ನು ಹೊಸೆಯುವಷ್ಟರಲ್ಲಿ ದಿನಗಳು ಉರುಳುತ್ತವೆ. ಇದು ಹೆಚ್ಚಾಗಿ ಹೆಂಗಸರ ಕೆಲಸ. ಅಮೆಜಾನಿನ ಬೇರೆ ಕಡೆಗಳಲ್ಲಿ ತುಕುಂ ಎಂಬ ಇನ್ನೊಂದು ಮುಳ್ಳುತಾಳೆಯ ನಾರು, ಎಷ್ಟೋ ಕಡೆ ಮನೆಯ ಹಿಂದೆ ಬೆಳೆದ ಹತ್ತಿ ಬಳಕೆಯಲ್ಲಿವೆ. ಯಾವ ಗಿಡದ ನಾರು ನೆನೆದರೂ ಕೊಳೆಯದು, ಯಾವುದು ಮೈಗೆ ಚುಚ್ಚದು, ಯಾವುದು ಭಾರಕ್ಕೆ ಹರಿಯದು ಎಂಬ ಅರಿವು ತಲೆಮಾರುಗಳ ಪರೀಕ್ಷೆಯಿಂದ ಬಂದದ್ದು.

ಮೆಕ್ಸಿಕೊದ ಯುಕಾಟಾನ್ ಇಂದು ತೂಗುಹಾಸಿಗೆಗೆ ಹೆಸರಾದ ಸೀಮೆ. ಅಲ್ಲಿನ ಮಾಯಾ ಜನರಿಗೆ ಅದು ಮೂಲದಿಂದ ಇದ್ದದ್ದಲ್ಲ. 1566ರ ಸುಮಾರಿಗೆ ಅವರ ಬದುಕನ್ನು ದಾಖಲಿಸಿದ ಪಾದ್ರಿ ಡಿಯಾಗೊ ದೆ ಲಾಂಡಾ, ಅವರು ಕಡ್ಡಿಗಳಿಂದ ಹೆಣೆದ ಮಂಚದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದರೆಂದು ಬರೆದಿದ್ದಾನೆ. ತೂಗುಹಾಸಿಗೆ ಕೆರಿಬಿಯನ್ ಕಡೆಯಿಂದ ಅಲ್ಲಿಗೆ ಬಂತು. ಬಂದ ಮೇಲೆ ಮಾಯಾ ನೇಕಾರರು ಅದನ್ನು ತಮ್ಮದೇ ಆದ ಎತ್ತರಕ್ಕೆ ಒಯ್ದರು. ಎರಡು ನಿಲುಗಂಬ, ಎರಡು ಅಡ್ಡಪಟ್ಟಿಗಳ ಒಂದು ಚೌಕಟ್ಟು ಅವರ ಮಗ್ಗ. ಅದರ ಮೇಲೆ ದಾರವನ್ನು ಸುತ್ತಿ, ಮರದ ಸೂಜಿಗೆ ದಾರ ತುಂಬಿ, ಎಳೆಗಳನ್ನು ಜೋಡಿಜೋಡಿಯಾಗಿ ಒಂದರೊಳಗೊಂದು ಓರೆಯಾಗಿ ಹಾಯಿಸುತ್ತ ಸಾಲಿನಿಂದ ಸಾಲಿಗೆ ಹೋಗುತ್ತಾರೆ. ಮೈ ತಾಗುವ ಭಾಗದಲ್ಲಿ ಒಂದು ಗಂಟೂ ಇರುವುದಿಲ್ಲ. ಗಂಟಿದ್ದರೆ ಬೆನ್ನಿಗೆ ಒತ್ತುತ್ತದೆ, ಭಾರ ಅಲ್ಲಿಯೇ ನಿಂತು ದಾರ ಸವೆಯುತ್ತದೆ. ಗಂಟಿಲ್ಲದ ಹೆಣಿಗೆ ಎಲ್ಲ ದಿಕ್ಕಿಗೂ ಹಿಗ್ಗಿ ಭಾರವನ್ನು ಸಾವಿರಾರು ಎಳೆಗಳಿಗೆ ಹಂಚುತ್ತದೆ. ಕೊನೆಗೆ ಎರಡೂ ತುದಿಗೆ ಉದ್ದನೆಯ ಹುರಿಗಳ ಕಟ್ಟನ್ನು ಜೋಡಿಸಿ ಒಂದೊಂದು ಕುಣಿಕೆಗೆ ತಂದು ಕಟ್ಟುತ್ತಾರೆ. ಕಿಲೋಮೀಟರುಗಟ್ಟಲೆ ದಾರ ನುಂಗುವ ಈ ಕೆಲಸ ಅಡುಗೆ, ಮಕ್ಕಳು, ಹೊಲದ ನಡುವೆ ಬಿಡುವು ಮಾಡಿಕೊಂಡು ವಾರಗಟ್ಟಲೆ ನಡೆಯುವಂಥದು.

ಯುಕಾಟಾನಿನ ಹಳೆಯ ತೂಗುಹಾಸಿಗೆಗಳ ನಾರು ಹೆನೆಕೆನ್ ಎಂಬ ಕತ್ತಾಳೆಯದು. ನಮ್ಮ ಹೊಲಗಳ ಬದುವಿನಲ್ಲಿ, ರೈಲು ಹಳಿಯ ಬದಿಯಲ್ಲಿ ಮುಳ್ಳಿನ ಎಲೆ ಚಾಚಿ ನಿಂತಿರುವ ಕತ್ತಾಳೆಯೂ ಅದೇ ಅಮೆರಿಕನ್ ಕುಲದ್ದು. ಅದರ ನಾರಿನಿಂದ ಹಗ್ಗ ಹೊಸೆದು ಬಳಸಿದ ಊರುಗಳು ಕರ್ನಾಟಕದಲ್ಲೂ ಬೇಕಾದಷ್ಟಿವೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಮೆರಿಕದ ಗೋಧಿ ಕೊಯ್ಲಿನ ಯಂತ್ರಗಳಿಗೆ ಸಿವುಡು ಕಟ್ಟುವ ಹುರಿ ಬೇಕಾದಾಗ ಹೆನೆಕೆನ್‌ಗೆ ಬಂಗಾರದ ಬೆಲೆ ಬಂತು. ಯುಕಾಟಾನಿನ ಜಮೀನುದಾರರು ಕೋಟ್ಯಧಿಪತಿಗಳಾದರು, ಸಾಲದ ಬಲೆಗೆ ಬಿದ್ದ ಮಾಯಾ ಕೂಲಿಗಳು ಆ ತೋಟಗಳಲ್ಲಿ ಜೀತದಾಳುಗಳಾದರು. ಹಗಲೆಲ್ಲ ಮುಳ್ಳಿನ ಎಲೆ ಕೊಯ್ದ ಕೂಲಿ ರಾತ್ರಿ ಬೆನ್ನು ಚಾಚುತ್ತಿದ್ದುದು ತೂಗುಹಾಸಿಗೆಯಲ್ಲಿ. ಅದರಲ್ಲಿ ಮಲಗಿದವನನ್ನು ಸೋಮಾರಿ ಎಂದು ಕರೆಯುವವರು ಅವನು ಎದ್ದ ಮೇಲೆ ಏನು ಮಾಡುತ್ತಿದ್ದ ಎಂಬುದನ್ನೂ ನೋಡಬೇಕು.

ಈ ಹಾಸಿಗೆಯ ಹಿಂದಿನ ಎಂಜಿನಿಯರಿಂಗ್ ಕೂಡ ಗಮನಕ್ಕೆ ಬರಬೇಕು. ತೂಗುಹಾಸಿಗೆಯನ್ನು ಸಡಿಲವಾಗಿ, ಹಗ್ಗ ಅಡ್ಡಗೆರೆಗೆ ಸುಮಾರು 30 ಡಿಗ್ರಿ ಕೋನದಲ್ಲಿ ಇರುವಂತೆ ಕಟ್ಟುವುದು ವಾಡಿಕೆ. ಆ ಕೋನದಲ್ಲಿ 70 ಕಿಲೋ ತೂಕದ ಮನುಷ್ಯ ಮಲಗಿದರೆ ಒಂದೊಂದು ಹಗ್ಗದ ಮೇಲೂ ಸರಿಯಾಗಿ 70 ಕಿಲೋದಷ್ಟೇ ಎಳೆತ ಬೀಳುತ್ತದೆ. ಬಿಗಿಯಾಗಿ ಎಳೆದು ಕೋನವನ್ನು 10 ಡಿಗ್ರಿಗೆ ಇಳಿಸಿದರೆ ಅದೇ ಮನುಷ್ಯನಿಗೆ ಒಂದೊಂದು ಹಗ್ಗವೂ 200 ಕಿಲೋದಷ್ಟು ಎಳೆತ ತಡೆಯಬೇಕಾಗುತ್ತದೆ. ಹಗ್ಗ ಹರಿಯುವುದೂ ಕಂಬ ವಾಲುವುದೂ ಹೀಗೆ. ಸಡಿಲವಾಗಿ ಕಟ್ಟಿ, ಅದರಲ್ಲಿ ಉದ್ದಕ್ಕೆ ಮಲಗದೆ ಓರೆಯಾಗಿ ಮಲಗಿದರೆ ಬೆನ್ನು ಬಾಗುವುದಿಲ್ಲ, ಮೈ ಹೆಚ್ಚುಕಡಿಮೆ ಸಮತಟ್ಟಾಗಿ ನಿಲ್ಲುತ್ತದೆ. ರಜೆಯ ಚಿತ್ರಗಳಲ್ಲಿ ಕಾಣುವ, ಎರಡು ತುದಿಗೆ ಅಡ್ಡಕೋಲು ಹಾಕಿ ಹಲಗೆಯಂತೆ ಬಿಗಿದ ಹ್ಯಾಮಕ್ ಈ ಮೂಲ ವಿನ್ಯಾಸದಿಂದ ದೂರ ಸರಿದದ್ದು. ಅದರಲ್ಲಿ ಭಾರದ ಕೇಂದ್ರ ಮೇಲಕ್ಕೇರುವುದರಿಂದ ಮಗ್ಗುಲು ಬದಲಿಸಿದರೆ ಮಗುಚುತ್ತದೆ. ಅಡ್ಡಕೋಲಿನ ಮಾದರಿಗಳಲ್ಲಿ ಹೆಸರಾದ ಒಂದು ಹುಟ್ಟಿದ್ದು 1889ರಲ್ಲಿ, ಅಮೆರಿಕದ ದಕ್ಷಿಣ ಕೆರೊಲಿನಾದ ಪಾಲೀಸ್ ಐಲ್ಯಾಂಡಿನಲ್ಲಿ. ಅದನ್ನು ಮಾಡಿದ ಜೋಶುವಾ ಜಾನ್ ವಾರ್ಡ್ ಭತ್ತ ಸಾಗಿಸುವ ನದಿ ದೋಣಿಯ ಕಪ್ತಾನ. ಹುಲ್ಲು ತುಂಬಿದ ಹಾಸಿಗೆಯ ಸೆಕೆ ತಾಳದೆ ದೋಣಿಯಲ್ಲಿ ಮಲಗಲು ಮಾಡಿಕೊಂಡದ್ದು ಅದು. ರಜೆಯ ಗುರುತಾಗಿ ಮಾರಾಟವಾಗುವ ಮಾದರಿಯ ಬುಡದಲ್ಲೂ ದುಡಿಯುವ ಮನುಷ್ಯನೊಬ್ಬನ ರಾತ್ರಿಯ ಅಗತ್ಯವೇ ಇದೆ.

ಈ ವಾದಕ್ಕೆ ಅತಿ ಗಟ್ಟಿಯಾದ ಸಾಕ್ಷಿ ಸಿಗುವುದು ಸಮುದ್ರದ ಮೇಲೆ. ಅಟ್ಲಾಂಟಿಕ್ ದಾಟಿ ಬಂದ ನಾವಿಕರು ಅಲ್ಲಿಯವರೆಗೆ ಮಲಗುತ್ತಿದ್ದುದು ಒದ್ದೆಯಾದ, ಕೊಳಕಾದ ಹಲಗೆಗಳ ಮೇಲೆ. ಅಮೆರಿಕದ ಈ ಹಾಸಿಗೆ ಹಡಗಿಗೆ ಹೇಳಿ ಮಾಡಿಸಿದಂತಿತ್ತು. ಹಡಗು ವಾಲಿದರೂ ಇದು ನೇರವಾಗಿಯೇ ತೂಗುತ್ತದೆ, ಮಲಗಿದವನು ಉರುಳುವುದಿಲ್ಲ. 1597ರಲ್ಲಿ ಇಂಗ್ಲೆಂಡಿನ ನೌಕಾಪಡೆ ಕ್ಯಾನ್ವಾಸಿನ ತೂಗುಹಾಸಿಗೆಗೆ ಅಧಿಕೃತ ಒಪ್ಪಿಗೆ ಕೊಟ್ಟಿತು. ಮುಂದೆ ಒಬ್ಬ ನಾವಿಕನಿಗೆ ಸಿಗುತ್ತಿದ್ದ ಅಗಲ 14 ಅಂಗುಲ, ಎಂದರೆ ಸುಮಾರು ಒಂದೂವರೆ ಗೇಣು. ಅರ್ಧದಷ್ಟು ಜನ ಪಾಳಿಯ ಮೇಲೆ ಎದ್ದಿರುತ್ತಿದ್ದುದರಿಂದ ಪಕ್ಕದವನ ಜಾಗವೂ ಸಿಕ್ಕಿ ಉಸಿರಾಡಲಾಗುತ್ತಿತ್ತು. 1805ರ ಟ್ರಫಾಲ್ಗರ್ ಕದನದಲ್ಲಿ ಅದೇ ನೌಕಾಪಡೆಯ ವಿಕ್ಟರಿ ಹಡಗಿನಲ್ಲಿದ್ದ ಸುಮಾರು 820 ಜನರಲ್ಲಿ ಬಹುಪಾಲು ಜನ ಫಿರಂಗಿಗಳ ಮೇಲೆ ತೂಗುವ ಇಂಥ ಹಾಸಿಗೆಗಳಲ್ಲೇ ಮಲಗುತ್ತಿದ್ದರು. ಬೆಳಗ್ಗೆ ಅವನ್ನು ಬಿಗಿಯಾಗಿ ಸುತ್ತಿ ಹಡಗಿನ ಅಂಚಿನುದ್ದಕ್ಕೂ ಒಟ್ಟುತ್ತಿದ್ದರು. ಶತ್ರುವಿನ ಬಂದೂಕಿನ ಗುಂಡಿಗೂ ಸಿಡಿಯುವ ಮರದ ಚೂರಿಗೂ ಅದೇ ತಡೆಗೋಡೆ. ಸತ್ತ ನಾವಿಕನನ್ನು ಅವನದೇ ಹಾಸಿಗೆಯಲ್ಲಿ ಹೊಲಿದು, ಮುಳುಗಲೆಂದು ಫಿರಂಗಿ ಗುಂಡು ಇಟ್ಟು ಸಮುದ್ರಕ್ಕೆ ಇಳಿಸುತ್ತಿದ್ದರು. ಜಗತ್ತನ್ನು ಗೆಲ್ಲಲು ಹೊರಟ ಯುರೋಪಿನ ನೌಕಾಪಡೆಗಳು ನಿದ್ದೆಗೆ ನೆಚ್ಚಿಕೊಂಡದ್ದು ಅವು ಗೆದ್ದ ಜನರ ಕಲ್ಪನೆಯನ್ನು.

ಹೀಗಿದ್ದೂ ಸೋಮಾರಿತನದ ಚಿತ್ರ ಬಂದದ್ದು ಎಲ್ಲಿಂದ? ಅದನ್ನು ಬರೆದವರು ಯುರೋಪಿನವರೇ. ಯಾನ್ ವಾನ್ ದೆರ್ ಸ್ಟ್ರಾಟ್ ಎಂಬ ಕಲಾವಿದ ರಚಿಸಿದ, ಥಿಯೋಡೋರ್ ಗಾಲೆ 1600ರ ಸುಮಾರಿಗೆ ಕೊರೆದು ಅಚ್ಚು ಹಾಕಿದ ಪ್ರಸಿದ್ಧ ಚಿತ್ರವೊಂದಿದೆ. ಎಡಗಡೆ ಪೂರ್ತಿ ಉಡುಪು ಧರಿಸಿದ ಯುರೋಪಿನ ನಾವಿಕ ವೆಸ್ಪುಚಿ, ಕೈಯಲ್ಲಿ ಬಾವುಟ ಮತ್ತು ನಕ್ಷತ್ರ ಅಳೆಯುವ ಉಪಕರಣ. ಬಲಗಡೆ ಮರಗಳಿಗೆ ಕಟ್ಟಿದ ತೂಗುಹಾಸಿಗೆಯಿಂದ ಆಗಷ್ಟೇ ಏಳುತ್ತಿರುವ ಬತ್ತಲೆ ಹೆಂಗಸು. ಅವಳೇ ಅಮೆರಿಕ ಖಂಡ. ಒಬ್ಬ ನಿಂತಿದ್ದಾನೆ, ಒಬ್ಬಳು ಮಲಗಿದ್ದಾಳೆ; ಒಬ್ಬನಿಗೆ ವಿಜ್ಞಾನ, ಒಬ್ಬಳಿಗೆ ನಿದ್ದೆ. ಖಂಡವೇ ಮಲಗಿತ್ತು, ನಾವು ಬಂದು ಎಬ್ಬಿಸಿದೆವು ಎಂಬ ವಾದವನ್ನು ಈ ಚಿತ್ರ ಕಣ್ಣಿಗೆ ಕಟ್ಟಿಸಿತು. ಆದರೆ ಅಲ್ಲಿ ಬದುಕಿ ನೋಡಿದವರ ಬರಹ ಹೀಗಿಲ್ಲ. ಕೆರಿಬಿಯನ್ನಿನಲ್ಲಿದ್ದ ಸ್ಪ್ಯಾನಿಷ್ ಅಧಿಕಾರಿ ಗೊನ್ಸಾಲೊ ಫೆರ್ನಾಂಡಿಸ್ ದೆ ಒವಿಯೆಡೊ 1526ರ ತನ್ನ ಪುಸ್ತಕದಲ್ಲಿ ಈ ಹಾಸಿಗೆಯ ರಚನೆಯನ್ನು ವಿವರಿಸಿ, ಯುದ್ಧಕ್ಕೆ ಹೋಗುವ ಸೈನಿಕರು ಇದನ್ನು ಒಯ್ದರೆ ಚಳಿಗಾಲದಲ್ಲಿ ಬರಿನೆಲದ ಮೇಲೆ ಮಲಗಿ ಸಾಯುವವರು ಕಡಿಮೆಯಾಗುತ್ತಾರೆ ಎಂಬ ಸಲಹೆ ಕೊಟ್ಟ. ಪ್ರತ್ಯಕ್ಷ ಕಂಡವನಿಗೆ ಅದರಲ್ಲಿ ಉಪಯುಕ್ತ ಸಾಧನ ಕಂಡಿತು. ಯುರೋಪಿನಲ್ಲಿ ಕೂತು ಚಿತ್ರ ಬರೆದವರಿಗೆ ಆಲಸ್ಯ ಕಂಡಿತು. ನಮ್ಮ ಕಾಲದ ಜಾಹೀರಾತು ಎರಡನೆಯವರನ್ನು ಅನುಸರಿಸುತ್ತಿದೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಉಳ್ಳವರೂ ತೂಗುಹಾಸಿಗೆಯಲ್ಲಿ ಮೆರೆದಿಲ್ಲವೇ? ಮೆರೆದಿದ್ದಾರೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬ್ರೆಜಿಲಿನಲ್ಲಿದ್ದ ಫ್ರೆಂಚ್ ಚಿತ್ರಕಾರ ಡೆಬ್ರೆ ಬರೆದ ಚಿತ್ರವೊಂದರಲ್ಲಿ ಜಮೀನುದಾರನೊಬ್ಬ ಕೋಲಿಗೆ ಕಟ್ಟಿದ ತೂಗುಹಾಸಿಗೆಯಲ್ಲಿ ಒರಗಿ ಊರಿಗೆ ಮರಳುತ್ತಿದ್ದಾನೆ. ಕೋಲನ್ನು ಹೆಗಲ ಮೇಲೆ ಹೊತ್ತವರು ಆಫ್ರಿಕಾದಿಂದ ತಂದ ಗುಲಾಮರು. ಅಲ್ಲಿ ಆಲಸ್ಯವಿದ್ದರೆ ಅದು ಹೊರಿಸಿಕೊಂಡವನದು. ಪಲ್ಲಕ್ಕಿಯಲ್ಲೂ ಕುರ್ಚಿಯಲ್ಲೂ ಅದು ಹಾಗೆಯೇ ಇರುತ್ತಿತ್ತು. ಅದೇ ಬ್ರೆಜಿಲಿನ ಬರಪೀಡಿತ ಈಶಾನ್ಯ ಸೀಮೆಯಲ್ಲಿ ಶವಪೆಟ್ಟಿಗೆ ಕೊಳ್ಳಲಾಗದ ಬಡವರು ತಮ್ಮವರ ಹೆಣವನ್ನು ತೂಗುಹಾಸಿಗೆಯಲ್ಲಿಟ್ಟು ಸ್ಮಶಾನಕ್ಕೆ ಒಯ್ಯುತ್ತಿದ್ದರು. ಬದುಕಿದ್ದಾಗ ಮಲಗಿದ ಹಾಸಿಗೆಯೇ ಸತ್ತಾಗ ಚಟ್ಟ. ಈ ವಸ್ತುವಿನ ಮೇಲೆ ದೀರ್ಘ ಅಧ್ಯಯನ ಮಾಡಿ 1959ರಲ್ಲಿ ಇಡೀ ಪುಸ್ತಕವನ್ನೇ ಬರೆದ ಬ್ರೆಜಿಲಿನ ಜಾನಪದ ವಿದ್ವಾಂಸ ಲೂಯಿಸ್ ದ ಕಾಮರಾ ಕಸ್ಕುಡೊ ಅದೇ ಈಶಾನ್ಯ ಸೀಮೆಯವರು. ಹುಟ್ಟಿನಿಂದ ಸಾವಿನವರೆಗೆ ಜೊತೆಗಿರುವ ವಸ್ತುವಿಗೆ ಅಷ್ಟು ಗಮನ ಸಲ್ಲಲೇಬೇಕಿತ್ತು.

ಇನ್ನೊಂದು ಆಕ್ಷೇಪ ನಮ್ಮ ಕಡೆಯಿಂದಲೇ ಬರಬಹುದು. ಬಟ್ಟೆಯನ್ನು ತೂಗುಹಾಕಿ ಮಲಗಿಸುವುದು ನಮಗೂ ಗೊತ್ತಿತ್ತಲ್ಲ, ಎಲ್ಲವನ್ನೂ ಅಮೆರಿಕದವರಿಗೆ ಒಪ್ಪಿಸುವುದೇಕೆ? ಜಂತಿಗೆ ಸೀರೆ ಕಟ್ಟಿ ಕೂಸನ್ನು ಮಲಗಿಸುವ ಜೋಲಿ ನಮ್ಮದೇ ಎಂಬುದು ನಿಜ, ಯಾರಿಂದಲೂ ಕಲಿತದ್ದಲ್ಲ. ಮಲಬಾರ್ ತೀರದಲ್ಲಿ ಕೋಲಿಗೆ ಬಟ್ಟೆ ಕಟ್ಟಿ ಜನರನ್ನು ಹೊರುವ ಮಂಚಲ್ ಕೂಡ ಹಾಗೆಯೇ. ಆದರೆ ದೊಡ್ಡವರು ಪ್ರತಿ ರಾತ್ರಿ ಮಲಗುವ ಹಾಸಿಗೆಯಾಗಿ, ಅದಕ್ಕೆಂದೇ ಬೆಳೆದ ನಾರು, ಅದಕ್ಕೆಂದೇ ರೂಪಿಸಿದ ಹೆಣಿಗೆಯೊಂದಿಗೆ ಅದನ್ನು ಜಗತ್ತಿಗೆ ಕೊಟ್ಟವರು ಅಮೆರಿಕದ ಮೂಲನಿವಾಸಿಗಳು. ಇದನ್ನು ಒಪ್ಪಿದರೆ ನಮ್ಮ ಜೋಲಿಯ ಗೌರವ ಕಡಿಮೆಯಾಗುವುದಿಲ್ಲ. ನಮ್ಮ ಜೋಲಿಯೂ ಈ ವಾದದ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಹೊಲದ ಬದುವಿನ ಮರಕ್ಕೆ, ಕಟ್ಟಡ ಕೆಲಸದ ಸಾರುವೆಗೆ ಸೀರೆ ಕಟ್ಟಿ ಮಗುವನ್ನು ಮಲಗಿಸುವವಳು ಕೂಲಿ ಮಾಡುವ ತಾಯಿ. ರಸ್ತೆಯಿಲ್ಲದ ಮಲೆನಾಡಿನ ಊರುಗಳಿಂದ, ಮಲೆ ಮಹದೇಶ್ವರ ಬೆಟ್ಟದ ಹಳ್ಳಿಗಳಿಂದ ಗರ್ಭಿಣಿಯರನ್ನು, ರೋಗಿಗಳನ್ನು ಗಳುವಿಗೆ ಕಂಬಳಿ ಕಟ್ಟಿ ಆಸ್ಪತ್ರೆಗೆ ಹೊತ್ತುತಂದ ಸುದ್ದಿಯನ್ನು ಇಂದಿಗೂ ಓದುತ್ತಿದ್ದೇವೆ. ತೂಗುವ ಬಟ್ಟೆ ಎಲ್ಲ ಕಡೆಯೂ ಇಲ್ಲದವರ ಕೈಗೆ ಸಿಕ್ಕ ಸಾಧನ.

ಆರೋಗ್ಯದ ಪ್ರಶ್ನೆಯೂ ಇದೆ. ಕೂಸುಗಳ ವಿಷಯದಲ್ಲಿ ವೈದ್ಯರ ಎಚ್ಚರಿಕೆಯನ್ನು ತಳ್ಳಿಹಾಕುವಂತಿಲ್ಲ: ಎಳೆಗೂಸು ಸಮತಟ್ಟಾದ, ಗಟ್ಟಿಯಾದ ಹಾಸಿಗೆಯ ಮೇಲೆ ಅಂಗಾತ ಮಲಗುವುದೇ ಸುರಕ್ಷಿತ, ಬಾಗಿದ ಬಟ್ಟೆಯಲ್ಲಿ ಕತ್ತು ಮಡಚಿಕೊಂಡರೆ ಉಸಿರು ಕಟ್ಟಬಹುದು. ಕಣ್ಣಿಟ್ಟು ಕಾಯುವವರಿಲ್ಲದಿದ್ದರೆ ಜೋಲಿ ಬೇಡ. ದೊಡ್ಡವರ ಮಾತು ಬೇರೆ. ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ 12 ಗಂಡಸರನ್ನು ಮೆಲ್ಲಗೆ ತೂಗುವ ಮಂಚದಲ್ಲಿ ಮಧ್ಯಾಹ್ನ 45 ನಿಮಿಷ ಮಲಗಿಸಿ ನೋಡಿದಾಗ ಅವರಿಗೆ ಬೇಗ ನಿದ್ದೆ ಬಂತು. 2019ರಲ್ಲಿ 18 ಯುವಜನರ ಮೇಲೆ ಇಡೀ ರಾತ್ರಿಯ ಪರೀಕ್ಷೆ ನಡೆಸಿದಾಗ ಗಾಢನಿದ್ದೆ ಹೆಚ್ಚಿತು, ನೆನಪೂ ಸುಧಾರಿಸಿತು. ಅವು ಮಂಚಗಳು, ಬಲೆಯಲ್ಲ. ಪರೀಕ್ಷೆಗೆ ಒಳಗಾದವರ ಸಂಖ್ಯೆಯೂ ಚಿಕ್ಕದು. ಆದರೂ ತೂಗುವಿಕೆಗೂ ನಿದ್ದೆಗೂ ಇರುವ ನಂಟು ಬರಿಯ ನಂಬಿಕೆಯಲ್ಲ ಎಂಬುದಕ್ಕೆ ಇವು ಆಧಾರ. ಸೊಳ್ಳೆಯ ಸಮಸ್ಯೆಗೂ ಉತ್ತರ ಸಿಕ್ಕಿದೆ. ಕೀಟನಾಶಕ ಲೇಪಿಸಿದ ಪರದೆಯನ್ನು ತೂಗುಹಾಸಿಗೆಗೆ ಹೊಂದಿಸಿ ವೆನೆಜುವೆಲಾದ ಅಮೆಜಾನ್ ಸೀಮೆಯಲ್ಲಿ, ವಿಯೆಟ್ನಾಮಿನ ಕಾಡಂಚಿನಲ್ಲಿ ಪರೀಕ್ಷಿಸಿದಾಗ ಮಲೇರಿಯಾ ತಗ್ಗಿತು. ಕಾಡಿನಲ್ಲಿ ದುಡಿದು ಅಲ್ಲೇ ಮಲಗುವವರನ್ನು ಮಂಚ ಕೊಟ್ಟು ಕಾಪಾಡಲಾಗದು, ಅವರ ಹಾಸಿಗೆಯ ಜೊತೆಗೇ ಔಷಧ ಹೋಗಬೇಕು ಎಂಬುದನ್ನು ಆರೋಗ್ಯ ತಜ್ಞರು ಅರಿತರು.

ಇಂದಿಗೂ ಅಮೆಜಾನ್ ನದಿಯ ಪ್ರಯಾಣಿಕರ ದೋಣಿಗಳಲ್ಲಿ ಜನ ತಮ್ಮ ತಮ್ಮ ತೂಗುಹಾಸಿಗೆ ತಂದು ಕೊಂಡಿಗೆ ಸಿಕ್ಕಿಸಿ ದಿನಗಟ್ಟಲೆ ಪ್ರಯಾಣ ಮಾಡುತ್ತಾರೆ. ಯುಕಾಟಾನಿನಲ್ಲಿ ಹೊಸದಾಗಿ ಕಟ್ಟುವ ಸಿಮೆಂಟಿನ ಮನೆಗಳ ಗೋಡೆಯಲ್ಲೂ ಕೊಂಡಿ ಕೂರಿಸುತ್ತಾರೆ. ಬ್ರೆಜಿಲಿನ ಸಾವ್ ಬೆಂಟೊ ಎಂಬ ಪಟ್ಟಣದ ಬದುಕೇ ತೂಗುಹಾಸಿಗೆಯ ನೇಯ್ಗೆ. ಮಗ್ಗ ಯಂತ್ರದ್ದಾದರೂ ಅಂಚಿನ ಜಾಲರಿ, ತುದಿಯ ಹುರಿ ಕಟ್ಟುವ ಕೆಲಸ ಮನೆಮನೆಯ ಹೆಂಗಸರದು. ಅಗ್ಗದ ನೈಲಾನ್ ಬಂದ ಮೇಲೆ ಹಳೆಯ ನಾರಿನ ಹೆಣಿಗೆಯನ್ನು ಉಳಿಸಬೇಕೇಕೆ ಎಂದು ಕೇಳುವವರಿದ್ದಾರೆ. ನೈಲಾನ್ ಮಳೆಗೆ ಬೇಗ ಒಣಗುತ್ತದೆ, ಕೂಲಿಯವನ ಕೈಗೆಟಕುವ ಬೆಲೆಗೆ ಸಿಗುತ್ತದೆ. ಅದನ್ನು ಬಳಸುವವರನ್ನು ದೂರಬೇಕಿಲ್ಲ, ಮಾಯಾ ನೇಕಾರರೇ ಅದನ್ನು ಹೆಣೆಯುತ್ತಾರೆ. ಉಳಿಯಬೇಕಾದದ್ದು ಹೆಣಿಗೆಯ ಜ್ಞಾನ, ಅದಕ್ಕೆ ಬೇಕಾದದ್ದು ಹೆಣೆಯುವವರಿಗೆ ಬದುಕಲು ಸಾಲುವ ಕೂಲಿ. ವಾರಗಟ್ಟಲೆ ನಡೆದ ಕೆಲಸವನ್ನು ಬಿಡುವಿನ ವೇಳೆಯ ಹವ್ಯಾಸ ಎಂದು ಕರೆದಷ್ಟೂ ಅದರ ಬೆಲೆ ಇಳಿಯುತ್ತದೆ. ವಸ್ತುವನ್ನು ಆಲಸ್ಯದ ಗುರುತು ಮಾಡಿದಾಗ ಅದರ ಹಿಂದಿನ ದುಡಿಮೆಯೂ ಕಣ್ಮರೆಯಾಗುತ್ತದೆ, ಕಾಣದ ದುಡಿಮೆಗೆ ಕೂಲಿ ಕೇಳುವವರೂ ಇರುವುದಿಲ್ಲ. ಚಕ್ರ, ಹಡಗು, ಮುದ್ರಣಯಂತ್ರ ಕಂಡುಹಿಡಿದವರ ಸಾಲಿನಲ್ಲಿ, ಓದುಬರಹ ಇಲ್ಲದೆಯೂ ನಾರು, ಕೋನ, ಭಾರಗಳ ಲೆಕ್ಕವನ್ನು ಕೈಯಲ್ಲೇ ಬಿಡಿಸಿದ ಈ ಜನರಿಗೂ ಜಾಗ ಸಲ್ಲಬೇಕು. ಆ ಜಾಗ ಕೊಡುವುದು ಅವರ ಮೇಲಿನ ದಯೆಯಿಂದಲ್ಲ. ಐನೂರು ವರ್ಷಗಳಿಂದ ಜಗತ್ತು ಅವರ ಹಾಸಿಗೆಯಲ್ಲಿ ಮಲಗಿ ಎದ್ದಿದೆ, ಆ ಋಣ ಇನ್ನೂ ಬಾಕಿಯಿದೆ.